ನೆಲ ನಿಮ್ಮದು, ಪೈಪು ಅವರದು

ಗ್ಯಾಸ್ ಪೈಪು ನೆಲದೊಳಗೆ ಸದ್ದಿಲ್ಲದೆ ಮಲಗಿರುತ್ತದೆ. ಸದ್ದೆಲ್ಲ ನೆಲದ ಮೇಲೆಯೇ. ಇದು ನನಗೆ ಗೊತ್ತಾದದ್ದು ಈ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ. ಅಲ್ಲಿಂದ ಈಚೆಗೆ ಒಂದಲ್ಲ ಒಂದು ನಡೆಯುತ್ತಲೇ ಬಂದಿದೆ.

ನಾನು ಸರ್ಕಾರಿ ಸರ್ವೆಯರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಗೆ ಸಲಹೆ ಕೊಡಲು ಶುರು ಮಾಡಿದೆ. ಅವಳೇ ಯಾರನ್ನೋ ಹಿಡಿದು ನನ್ನನ್ನು ಪೈಪ್‌ಲೈನ್ ಕಚೇರಿಗೆ ಸೇರಿಸಿದಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹೊಲಗಳ ಅಡಿಯಲ್ಲಿ ಪೈಪು ಹೋಗಬೇಕಿತ್ತು. ಇದಕ್ಕೆ ಸರ್ಕಾರ ಜಮೀನನ್ನು ಕೊಳ್ಳುವುದಿಲ್ಲ. ಹೊಲದ ನಡುವೆ ಉದ್ದಕ್ಕೆ ಒಂದು ಪಟ್ಟಿ ಗುರುತು ಮಾಡಿ, ಅದರ ಬಳಕೆಯ ಹಕ್ಕನ್ನು ಮಾತ್ರ ತೆಗೆದುಕೊಂಡು ಗ್ಯಾಸ್ ಕಂಪನಿಗೆ ಕೊಡುತ್ತದೆ. ಪೈಪು ಹೂತು ಮಣ್ಣು ಮುಚ್ಚಿದ ಮೇಲೆ ರೈತ ಅಲ್ಲಿ ಮೊದಲಿನಂತೆ ರಾಗಿ ಬೆಳೆಯಬಹುದು, ಹುರುಳಿ ಬೆಳೆಯಬಹುದು. ಆದರೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ತಕರಾರು ಇದ್ದವರು ಬಂದು ಹೇಳಿಕೊಳ್ಳಬಹುದು. ಅದನ್ನು ಕೇಳಿ ತೀರ್ಮಾನ ಮಾಡಲು ಒಬ್ಬ ಅಧಿಕಾರಿ ಇದ್ದರು, ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಪೈಪು ಹೂಳಿಸಲು ಒಬ್ಬ ಇಂಜಿನಿಯರು ಇದ್ದರು, ಉತ್ತರದ ಕಡೆಯವರು, ಕನ್ನಡ ಕಲಿಯುವ ಆಸೆ ಬಹಳ. ಇವರಿಬ್ಬರಿಗಿಂತ ಮುಂಚೆ ಊರೂರಿಗೆ ಹೋಗಿ ಜನಕ್ಕೆ ತಿಳಿಹೇಳಿ, ಬೈಸಿಕೊಂಡು ಬರುವವನು ನಾನು.

ಅಳಿಯ ಮತ್ತು ಸ್ಕೂಟರು

ಕೂಟಗಲ್ ಹೋಬಳಿಯ ಒಂದು ಹಳ್ಳಿಯಲ್ಲಿ ನನ್ನ ಮೊದಲ ಸಭೆ. ಹಾಲಿನ ಡೈರಿ ಮುಂದೆ ಜನ ಸೇರಿದ್ದರು. ಹಿಂದಿನ ದಿನ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದ ಭಾಷಣವನ್ನು ಶುರು ಮಾಡಿದೆ. ಜಮೀನು ನಿಮ್ಮದೇ, ಪಹಣಿಯಲ್ಲಿ ಹೆಸರು ನಿಮ್ಮದೇ, ಕಂದಾಯ ಕಟ್ಟುವವರೂ ನೀವೇ, ಬಳಕೆಯ ಹಕ್ಕು ಮಾತ್ರ ಕಂಪನಿಯವರದು ಎಂದೆ. ಯಾರಿಗೂ ಅರ್ಥವಾಗಲಿಲ್ಲ. ನಮ್ಮದೇ ಆದಮೇಲೆ ಅವರು ಹೇಗೆ ಬಳಸುತ್ತಾರೆ ಎಂದು ಒಬ್ಬರು ಕೇಳಿದರು. ಅವರು ಬಳಸಿದ ಮೇಲೆ ನಮ್ಮದು ಹೇಗಾಯಿತು ಎಂದು ಇನ್ನೊಬ್ಬರು ಕೇಳಿದರು. ನಾನು ಅದೇ ಮಾತನ್ನು ಜೋರಾಗಿ ಇನ್ನೊಮ್ಮೆ ಹೇಳಿದೆ. ಜೋರಾಗಿ ಹೇಳಿದರೂ ಅರ್ಥವಾಗಲಿಲ್ಲ.

ಕೊನೆಗೆ ಜಗಲಿಯ ಮೇಲೆ ಕೂತಿದ್ದ ಒಬ್ಬ ಹಿರಿಯರು ಎದ್ದು ನಿಂತು, ನನಗೆ ತಿಳಿಯಿತು, ಉಳಿದವರಿಗೂ ನಾನೇ ಹೇಳುತ್ತೇನೆ ಎಂದರು. "ನನ್ ಸ್ಕೂಟರ್ ಇಲ್ವಾ, ಅಂಗೆ ಕಣ್ರಪ್ಪ. ಆರ್‌ಸಿ ನನ್ ಹೆಸ್ರಲ್ಲೈತೆ. ಇನ್ಶೂರೆನ್ಸ್ ನಾನೇ ಕಟ್ತೀನಿ. ಓಡ್ಸೋದು ನಮ್ ಅಳಿಯ."

ಸಭೆಗೆ ಸಭೆಯೇ ತಲೆದೂಗಿತು. ಎಷ್ಟೋ ಜನಕ್ಕೆ ಅಂಥದೇ ಸ್ಕೂಟರು, ಅಂಥದೇ ಅಳಿಯ ಇದ್ದಂತೆ ಕಂಡಿತು. ನಾನು ಖುಷಿಯಾಗಿ, ಸರಿಯಾಗಿ ಹೇಳಿದಿರಿ ಎಂದೆ. ಅವರು ಕೂರಲಿಲ್ಲ. ಹಾಗಾದರೆ ಇದನ್ನು ಅವರು ವಾಪಸ್ಸು ಬಿಟ್ಟುಕೊಡುವುದು ಯಾವಾಗ ಎಂದು ಕೇಳಿದರು. ಪೈಪು ಇರುವವರೆಗೂ ಹಕ್ಕು ಇರುತ್ತದೆ, ಬಿಟ್ಟುಕೊಡುವ ಮಾತು ಸದ್ಯಕ್ಕಿಲ್ಲ ಎಂದು ಒಪ್ಪಿಕೊಂಡೆ.

ಹಿರಿಯರು ಜನರ ಕಡೆ ತಿರುಗಿದರು. "ನಾನ್ ಹೇಳ್ನಿಲ್ವಾ? ಅಳಿಯನೇ."

ಗಿಡವೋ ಮರವೋ

ದೊಡ್ಡಆಲಹಳ್ಳಿ ಕಡೆಯ ಒಬ್ಬ ರೈತ ಮೇಡಂ ಮುಂದೆ ತಕರಾರು ತಂದ. ಪಟ್ಟಿಯಲ್ಲಿ ಮರ ಇರಬಾರದು ಎನ್ನುತ್ತೀರಿ, ನನ್ನದು ಹಿಪ್ಪುನೇರಳೆ ತೋಟ, ಅದು ಮರವೋ ಗಿಡವೋ ಹೇಳಿ ಎಂದ. ರೇಷ್ಮೆ ಹುಳಕ್ಕೆ ಆ ಸೊಪ್ಪೇ ಊಟ, ಆ ಮನೆಗೆ ಅದರಿಂದಲೇ ಊಟ. ಕಿತ್ತು ಹಾಕಿ ಎಂದರೆ ಮನೆಯೇ ನಿಂತುಹೋಗುತ್ತದೆ.

ಮೇಡಂ ಒಳ್ಳೆಯ ಮನಸ್ಸಿನವರು. ಸೊಂಟದೆತ್ತರದ ಗಿಡ ತಾನೇ, ಇರಲಿ ಎಂದರು. ರೈತ ಹೋಗಬಹುದಿತ್ತು. ಆದರೆ ಅವನು ಪ್ರಾಮಾಣಿಕ. ಸವರುತ್ತಿದ್ದರೆ ಗಿಡ, ಸವರದೆ ಬಿಟ್ಟರೆ ಮರವಾಗುತ್ತದೆ ಎಂದ. ಹಾಗಾದರೆ ಸವರುತ್ತಿರಿ ಎಂದರು ಮೇಡಂ. ಸವರುವುದು ತಾನೇ, ಅದರಲ್ಲಿ ತಪ್ಪುವುದಿಲ್ಲ, ಆದರೆ ನಾನು ಸೊಂಟ ಹಿಡಿದು ಮಲಗಿಬಿಟ್ಟರೆ ಎಂದ. ಮನೆಯವರು ಸವರಲಿ ಎಂದರು. ಮನೆಯವಳೂ ಸಿಟ್ಟಾಗಿ ತವರಿಗೆ ಹೋಗಿದ್ದರೆ ಎಂದ.

ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ನಾನು ಇಂಜಿನಿಯರನ್ನು ನೋಡಿದೆ. ಇಂಜಿನಿಯರು, ಬೇರು ಪೈಪಿನವರೆಗೆ ಇಳಿಯದಿದ್ದರೆ ಸಾಕು ಎಂದರು. ಬೇರು ಎಲ್ಲಿಗೆ ಹೋಗುತ್ತದೆ ಅಂತ ಅದು ನನಗೆ ಹೇಳಿ ಹೋಗುವುದಿಲ್ಲ ಸ್ವಾಮಿ ಎಂದ ರೈತ.

ಒಂದು ಇಡೀ ಬೆಳಗ್ಗೆ ಕಳೆದ ಮೇಲೆ ಮೇಡಂ ಒಂದೇ ಸಾಲಿನ ಆದೇಶ ಬರೆಸಿದರು: "ಸದರಿ ಗಿಡವು ಗಿಡವಾಗಿರುವವರೆಗೆ ಆಕ್ಷೇಪಣೆ ಇರುವುದಿಲ್ಲ." ರೈತ ಅದರ ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಿ ತೋಟದ ಮೊದಲ ಸಾಲಿಗೆ ಕಟ್ಟಿದ, ಗಿಡಗಳಿಗೂ ಗೊತ್ತಿರಲಿ ಅಂತ.

ಟೀ ಯಾರ ಮನೆಯಲ್ಲಿ

ಪಟ್ಟಿ ತಮ್ಮ ಹೊಲದಲ್ಲಿ ಬೇಡ ಎನ್ನುವವರನ್ನು ನಾನು ದಿನಾ ನೋಡುತ್ತಿದ್ದೆ. ಮಾಗಡಿ ತಾಲ್ಲೂಕಿನ ಕೆಂಪಾಪುರದ ಆಚೆ ಒಬ್ಬ ಮಾತ್ರ, ತನ್ನ ಹೊಲದಲ್ಲಿ ಯಾಕೆ ಹೋಗುವುದಿಲ್ಲ ಎಂದು ತಕರಾರು ಹೂಡಿದ.

ಅಣ್ಣತಮ್ಮಂದಿರು, ಅಕ್ಕಪಕ್ಕದ ಹೊಲ, ಮಾತು ಬಿಟ್ಟು ಬಹಳ ಕಾಲ. ಪಟ್ಟಿ ಅಣ್ಣನ ಹೊಲದಲ್ಲಿ ಹಾದು ಹೋಗುತ್ತಿತ್ತು. ಮೇಡಂ ತಮ್ಮನಿಗೆ ಬಿಡಿಸಿ ಹೇಳಿದರು. ಕಾನೂನಿನಲ್ಲಿ ಪೈಪು ಬೇಡ ಎನ್ನಲು ಅವಕಾಶ ಇದೆ, ಬೇಕು ಎನ್ನಲು ಇಲ್ಲ. ನಿನ್ನ ಹೊಲ ಪೂರಾ ಉಳಿಯಿತು, ಬೇಕಾದ್ದು ಕಟ್ಟಿಕೊ, ಬೇಕಾದ್ದು ನೆಟ್ಟುಕೊ ಎಂದರು.

"ಅದು ನಂಗೂ ಗೊತ್ತು ಮೇಡಂ," ಎಂದ ತಮ್ಮ. "ಅವನಿಗೆ ಗೊತ್ತಿಲ್ಲ. ಗೌರ್ಮೆಂಟೇ ನನ್ ಹೊಲ ಹುಡ್ಕೊಂಡ್ ಬಂತು ಅಂತ ಮೀಸೆ ತಿರುವ್ಕೊಂಡ್ ಓಡಾಡ್ತಾವ್ನೆ."

ಮೇಡಂ ಮೆಲ್ಲಗೆ ಕೇಳಿ ಕೇಳಿ ವಿಷಯ ಹೊರಗೆ ತೆಗೆದರು. ನಮ್ಮ ಜೀಪು ಊರಿಗೆ ಹೋದಾಗಲೆಲ್ಲ ಅಣ್ಣನ ಮನೆ ಮುಂದೆ ನಿಲ್ಲುತ್ತದೆ, ನಾವು ಅಲ್ಲೇ ಟೀ ಕುಡಿಯುತ್ತೇವೆ. ಅದನ್ನು ತಮ್ಮನ ಮನೆಯವರು ಕಿಟಕಿಯಲ್ಲಿ ನೋಡುತ್ತಾರೆ. ಇವರ ಮನೆಗೆ ಒಬ್ಬ ಜವಾನನೂ ಬಂದದ್ದಿಲ್ಲ. ಮಗಳಿಗೆ ಗಂಡು ನೋಡುವ ಹೊತ್ತು, ಬಂದವರೂ ಅಣ್ಣನ ಮನೆಯನ್ನೇ ಕೇಳಿಕೊಂಡು ಹೋಗುತ್ತಾರಂತೆ.

ಮುಂದಿನ ಸಲ ಮೇಡಂ ಹೇಳಿದಂತೆ ನಾನು ಜೀಪನ್ನು ತಮ್ಮನ ಮನೆ ಮುಂದೆ ನಿಲ್ಲಿಸಿದೆ. ಅವರು ಟೀ ಕೊಟ್ಟರು, ಚಕ್ಕುಲಿ ಕೊಟ್ಟರು, ಹೊರಗೆ ಎಲ್ಲರಿಗೂ ಕಾಣುವಂತೆ ಕುರ್ಚಿ ಹಾಕಿ ಕೂರಿಸಿದರು. ಮಾರನೆಯ ದಿನವೇ ತಮ್ಮ ಬಂದು ತಕರಾರು ವಾಪಸ್ಸು ತೆಗೆದುಕೊಂಡ. ಮೇಡಂ ನಿಟ್ಟುಸಿರು ಬಿಟ್ಟು ಬಾಗಿಲ ಕಡೆ ನೋಡಿದರು. ಅಲ್ಲಿ ಅಣ್ಣ ನಿಂತಿದ್ದ.

"ಪೈಪು ನನ್ ಹೊಲದಲ್ಲಿ, ಟೀ ಅವನ್ ಮನೇಲಾ? ಬರ್ಕೊಳಿ ನನ್ ತಕರಾರು."

ನಾಲ್ಕನೇ ಜ್ವರ

ಇಂಜಿನಿಯರಿಗೆ ಕನ್ನಡ ಬರುತ್ತಿದ್ದುದು ಅಲ್ಲಲ್ಲಿ ಒಂದೊಂದು ಪದ. ಅವನ್ನು ಜೋಡಿಸಿಕೊಂಡು ಕೆಲಸ ನಡೆಸುತ್ತಿದ್ದರು. ಒಂದು ದಿನ ನಾನು ರಜೆ. ರಾಮನಗರದ ಹತ್ತಿರ ಒಂದು ಹೊಲದಲ್ಲಿ ಜೆಸಿಬಿ ಕಾಲುವೆ ತೋಡಲು ಶುರು ಮಾಡಿತು. ಪಕ್ಕದಲ್ಲೇ ಹುಳು ಸಾಕುವ ಮನೆ. ಆ ಮನೆಯಾಕೆ ಓಡಿ ಬಂದು ಜೆಸಿಬಿಯ ಮುಂದೆ ನಿಂತರು.

ರೇಷ್ಮೆ ಹುಳು ಪೊರೆ ಬಿಡುವ ಹೊತ್ತಿಗೆ ತಿನ್ನುವುದನ್ನು ಬಿಟ್ಟು, ತಲೆ ಮೇಲೆತ್ತಿ, ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಅಂಥ ಜ್ವರ ನಾಲ್ಕು ಸಲ. ನಾಲ್ಕನೆಯದು ಮುಗಿದರೆ ಗೂಡು ಹತ್ತಿರ ಬಂತು ಎಂದು ಲೆಕ್ಕ. ಆ ಹೊತ್ತಿನಲ್ಲಿ ಧೂಳು, ಹೊಗೆ, ಅದಿರಾಟ ಆದರೆ ಒಂದು ಬೆಳೆಯೇ ಹೋಗುತ್ತದೆ. ಆಕೆ ಅಡ್ಡ ನಿಂತದ್ದು ಅದಕ್ಕೆ. ಆದರೆ ಹೇಳಿದ್ದು ಹೀಗೆ: "ಒಳ್ಗಡೆ ಮಕ್ಳಂಗೆ ಸಾಕಿವ್ನಿ ಸಾ. ನಾಲ್ಕ್ನೇ ಜ್ವರಕ್ಕೆ ಕೂತವೆ. ಈಗ ಸದ್ದು ಮಾಡ್ಬೇಡಿ."

ಇಂಜಿನಿಯರಿಗೆ ತಿಳಿದದ್ದು ಮೂರು ಪದ: ಮಕ್ಕಳು, ನಾಲ್ಕನೇ, ಜ್ವರ. ಮಕ್ಕಳಿಗೆ ಇದು ನಾಲ್ಕನೇ ಸಲ ಬಂದ ಜ್ವರ ಎಂದುಕೊಂಡರು. ಅವರೂ ಮಕ್ಕಳೊಂದಿಗರು. ಜೆಸಿಬಿ ನಿಲ್ಲಿಸಿ, ಕಂಪನಿಯ ಆರೋಗ್ಯ ಶಿಬಿರದ ವ್ಯಾನಿಗೆ ಫೋನು ಮಾಡಿದರು.

ಡಾಕ್ಟರು ಬೆಂಗಳೂರಿನವರು, ಹೊಸಬರು. ಬಂದವರೇ ಎಷ್ಟು ಮಕ್ಕಳು ಎಂದು ಕೇಳಿದರು. ಮನೆಯಾಕೆ, ಹುಳು ಸಾಕುವವರ ಲೆಕ್ಕದಲ್ಲಿ, ಇನ್ನೂರು ಮೊಟ್ಟೆ ಎಂದರು. ಡಾಕ್ಟರು, ತಿನ್ನುವುದನ್ನು ಆಮೇಲೆ ಕೇಳುತ್ತೇನೆ ಎಂದರು. ತಿನ್ನುವುದು ಸೊಪ್ಪು ಒಂದೇ, ನಿನ್ನೆಯಿಂದ ಅದನ್ನೂ ಮುಟ್ಟಿಲ್ಲ ಎಂದರು ಆಕೆ. ಡಾಕ್ಟರ ಮುಖ ಗಂಭೀರವಾಯಿತು. ಮಲಗಿದ್ದಾರೆಯೇ ಎಂದರು. ಇಲ್ಲ, ತಲೆಯೆತ್ತಿಕೊಂಡು ಹಾಗೇ ಕೂತಿವೆ, ನಾಳೆ ಚರ್ಮ ಬಿಟ್ಟು ಏಳುತ್ತವೆ, ಎದ್ದ ಮೇಲೆ ಗಾಡಿಗಟ್ಟಲೆ ತಿನ್ನುತ್ತವೆ, ನೀವು ಗಾಬರಿಯಾಗಬೇಡಿ ಎಂದರು.

ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದು, ತಕ್ಷಣ ನೋಡಬೇಕು ಎಂದರು. ಆಕೆ ಚಪ್ಪಲಿ ಬಿಡಿಸಿ, ಕೈಕಾಲು ತೊಳೆಸಿ, ಮಾತಾಡಬೇಡಿ ಎಂದು ಹೇಳಿ ಪರದೆ ಸರಿಸಿದರು. ಡಾಕ್ಟರು ಕುತ್ತಿಗೆಗೆ ಸ್ಟೆತಾಸ್ಕೋಪ್ ಹಾಕಿಕೊಂಡು ಸಾಲುಸಾಲು ಹುಳುವಿನ ತಟ್ಟೆಗಳ ನಡುವೆ ಆ ತುದಿಯವರೆಗೆ ನಡೆದು ಹೊರಗೆ ಬಂದರು. ಬಂದದ್ದು ದಂಡವಾಗಬಾರದೆಂದು ಆಕೆಯ ಬಿಪಿ ನೋಡಿದರು. ಸರಿಯಾಗಿತ್ತು. ಆಮೇಲೆ ಇಂಜಿನಿಯರ ಬಿಪಿ ನೋಡಿದರು. ಏರಿತ್ತು.

ಅಷ್ಟಾದರೂ ಇಂಜಿನಿಯರು ಒಳ್ಳೆಯ ಕೆಲಸ ಮಾಡಿದರು. ಬೆಳೆ ಮುಗಿಯುವವರೆಗೆ ಆ ಹೊಲ ಬಿಟ್ಟು ಮುಂದಿನದನ್ನು ತೋಡಿಸಿದರು. ತಡ ಯಾಕೆ ಎಂದು ಮೇಲಿನ ಕಚೇರಿ ಕೇಳಿತು. ಮಕ್ಕಳು ಗೂಡು ಕಟ್ಟುವವರೆಗೆ ಕಾಯುತ್ತಿದ್ದೇವೆ ಎಂದು ಮೆಸೇಜು ಕಳಿಸಿದರು. ಅಲ್ಲಿಂದ ಕೂಡಲೇ ಉತ್ತರ ಬಂತು: "ಪಟ್ಟಿಯೊಳಗೆ ಯಾವುದೇ ಕಟ್ಟಡಕ್ಕೆ ಅನುಮತಿ ಇಲ್ಲ."

ಬೇಲಿಯ ಆಚೆ ಈಚೆ

ಪೈಪು ಹೂತ ಮೇಲೆ ದಿನಾ ಅದರ ಮೇಲೆ ನಡೆದು ನೋಡಿಕೊಂಡು ಬರಲು ಆಯಾ ಕಡೆಯವರನ್ನೇ ನೇಮಿಸುತ್ತಾರೆ. ಯಾರಾದರೂ ಅಗೆದಿದ್ದಾರೆಯೇ, ವಾಸನೆ ಬರುತ್ತಿದೆಯೇ ಎಂದು ನೋಡುವುದು ಅವರ ಕೆಲಸ. ಅವರ ಸೊಂಟದಲ್ಲಿ ಒಂದು ಪುಟ್ಟ ಯಂತ್ರ ಇರುತ್ತದೆ. ಅವರು ಎಲ್ಲಿದ್ದಾರೆ ಎಂಬುದು ಕಚೇರಿಯ ಪರದೆಯಲ್ಲಿ ಚುಕ್ಕೆಯಾಗಿ ಕಾಣುತ್ತದೆ.

ಚನ್ನಪಟ್ಟಣದ ಕಡೆ ಈ ಕೆಲಸಕ್ಕೆ ಸೇರಿದವನು ಮಾತು ಕಡಿಮೆಯ ಮನುಷ್ಯ. ಅವನ ದಾರಿಯಲ್ಲಿ ಅವನ ಮಾವನ ಹಿತ್ತಿಲೂ ಬರುತ್ತಿತ್ತು. ಗಂಡ ಹೆಂಡತಿ ನಡುವೆ ಏನೋ ಜಗಳವಾಗಿ ಅವಳು ತವರಿಗೆ ಹೋಗಿದ್ದಳು. ಇವನು ಕರೆಯಲು ಹೋದಾಗ ಮಾವ, ನನ್ನ ಮನೆ ಹೊಸಿಲು ತುಳಿಯಬೇಡ ಎಂದು ಕಳಿಸಿದ್ದರು. ಈಗ ಅವನು ದಿನಾ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಹಿತ್ತಿಲಿನಲ್ಲಿ ಪ್ರತ್ಯಕ್ಷ.

ಮಾವ ನಮ್ಮ ಕಚೇರಿಗೆ ಬಂದರು. ಹಿತ್ತಿಲು ನನ್ನದು, ಅವನನ್ನು ಬರಬೇಡ ಎನ್ನಲು ನನಗೆ ಹಕ್ಕಿಲ್ಲವೇ ಎಂದು ಕೇಳಿದರು. ಹಿತ್ತಿಲು ನಿಮ್ಮದೇ, ಆದರೆ ಪಟ್ಟಿಯ ಮೇಲೆ ನಡೆಯುವ ಹಕ್ಕು ಕಂಪನಿಯವರಿಗಿದೆ, ಆ ಕಂಪನಿಯವರು ಸದ್ಯಕ್ಕೆ ನಿಮ್ಮ ಅಳಿಯ ಎಂದೆ. ಅವರು, ಪಟ್ಟಿಯಿಂದ ಒಂದು ಅಡಿ ಆಚೆ ಬಂದರೆ ಎಂದರು. ಬಂದರೆ ಹೇಳಿ ಎಂದೆ.

ಕೆಲವು ದಿನದ ಮೇಲೆ ಇಂಜಿನಿಯರು ಪರದೆ ನೋಡುತ್ತಾ ಗಾಬರಿಯಾದರು. ಚುಕ್ಕೆ ಒಂದೇ ಕಡೆ ನಿಂತಿದೆ, ಅಲುಗುತ್ತಿಲ್ಲ. ಗ್ಯಾಸ್ ಸೋರಿ ಮನುಷ್ಯ ಬಿದ್ದಿರಬಹುದು ಎಂದುಕೊಂಡು, ವಾಸನೆ ಹಿಡಿಯುವ ಯಂತ್ರ ಹೊತ್ತ ಇಬ್ಬರನ್ನು ಜೀಪಿಗೆ ಹತ್ತಿಸಿಕೊಂಡು ಹೊರಟರು. ನಾನೂ ಹೋದೆ.

ವಾಸನೆ ಬರುತ್ತಿದ್ದದ್ದು ನಿಜ, ಬಸ್ಸಾರಿನದು. ನಮ್ಮವನು, ಮಾವ ಪಟ್ಟಿಯ ಅಂಚಿಗೆ ಹಾಕಿಸಿದ್ದ ಬೇಲಿಯ ಈಚೆ, ಪಟ್ಟಿಯ ನಟ್ಟ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ನುಂಗುತ್ತಿದ್ದ. ಬೇಲಿಯ ಆಚೆ ಹೆಂಡತಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಇಂಜಿನಿಯರು ಏನಿದು ಎಂದು ಕೇಳಿದರು. ಅವನು ತಟ್ಟೆ ಕೆಳಗಿಟ್ಟು ಎದ್ದು ನಿಂತ.

"ಕಾನೂನ್ ಮೀರಿಲ್ಲ ಸಾ. ನಾನು ಪಟ್ಟಿ ಒಳ್ಗೇ ಇವ್ನಿ. ತಟ್ಟೆ ಮಾತ್ರ ಬೇಲಿ ದಾಟೈತೆ."

ತಾತನ ಸಮಾಧಿ

ಪಟ್ಟಿಯಲ್ಲಿ ಹಿರಿಯರ ಸಮಾಧಿ ಇದ್ದರೆ ಇಂಜಿನಿಯರು ದಾರಿಯನ್ನು ಸ್ವಲ್ಪ ಓರೆ ಮಾಡಿಕೊಡುತ್ತಿದ್ದರು. ಒಂದು ಊರಿನಲ್ಲಿ ಹಾಗೆ ಮಾಡಿದ ಸುದ್ದಿ ನಾಲ್ಕೂ ತಾಲ್ಲೂಕಿಗೆ ಹಬ್ಬಿತು. ಆಮೇಲೆ ನಾನು ಹೋದ ಕಡೆಯೆಲ್ಲ ಹಿರಿಯರು ಏಳತೊಡಗಿದರು. ಹಿಂದಿನ ವಾರ ಬಯಲಾಗಿದ್ದ ಜಾಗದಲ್ಲಿ ಸುಣ್ಣ ಬಳಿದ ಕಟ್ಟೆ, ಅದರ ಮೇಲೆ ಇನ್ನೂ ಬಾಡದ ಹೂವು.

ಮಾಗಡಿ ಕಡೆಯ ಒಬ್ಬ ಯುವಕ ಇಂಥದೇ ತಕರಾರು ತಂದ. ಮದುವೆಯಾಗಿ ಒಂದು ಮಗುವಿನ ತಂದೆ, ಮೃದು ಮಾತಿನವನು. ಪಟ್ಟಿ ನಮ್ಮ ತಾತನ ಸಮಾಧಿಯ ಮೇಲೆ ಹೋಗುತ್ತದೆ ಮೇಡಂ, ತಪ್ಪಿಸಿಕೊಡಿ ಎಂದ. ಮೇಡಂ, ತಾತ ತೀರಿಕೊಂಡು ಎಷ್ಟು ಕಾಲವಾಯಿತು ಎಂದು ಕೇಳಿದರು. ತಾನು ಚಿಕ್ಕವನಿದ್ದಾಗಲೇ ಎಂದ. ತಾತ ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದುದನ್ನು ಹೇಳುವಾಗ ಅವನು ಕಣ್ಣು ಒರೆಸಿಕೊಂಡ. ಮೇಡಂ ನೀರು ತರಿಸಿಕೊಟ್ಟರು.

ಆಮೇಲೆ ಮೇಡಂ, ಪಹಣಿಯಲ್ಲಿ ಯಾರ ಹೆಸರಿದೆ ನೋಡಿ ಎಂದರು. ನಾನು ನೋಡಿ ಹೆಸರನ್ನು ಜೋರಾಗಿ ಕೂಗಿದೆ. ಯುವಕನ ಮುಖ ಬಿಳುಚಿತು.

ಹಿಂದಿನ ಬೆಂಚಿನಿಂದ ಒಬ್ಬ ಮುದುಕರು ಕೋಲೂರಿ ಎದ್ದರು. "ನಾನೇ ತಾಯಿ," ಎಂದರು.

ತಾತ ಮಗಳ ಮನೆಯಲ್ಲಿದ್ದರಂತೆ. ಜಮೀನು ಇನ್ನೂ ಅವರ ಹೆಸರಿನಲ್ಲೇ ಇದ್ದುದರಿಂದ ನೋಟೀಸು ಅವರನ್ನು ಹುಡುಕಿಕೊಂಡು ಅಲ್ಲಿಗೆ ಹೋಗಿತ್ತು. ಸರ್ಕಾರ ಕರೆದಿದೆಯಲ್ಲ ಎಂದು ಬಸ್ಸು ಹತ್ತಿ ಬಂದಿದ್ದರು. ಕಿವಿ ಮಂದವಾದ್ದರಿಂದ ಅಲ್ಲಿಯವರೆಗೆ ನಡೆದದ್ದು ಯಾವುದೂ ಅವರಿಗೆ ಕೇಳಿರಲಿಲ್ಲ.

ಯುವಕ ತಡವರಿಸುತ್ತಾ, ತಾನು ಹೇಳಿದ್ದು ತಾಯಿಯ ತಂದೆಯ ವಿಷಯ ಎಂದ. ಮೇಡಂ ಅದನ್ನು ಮುದುಕರಿಗೆ ಜೋರಾಗಿ ಕೇಳಿದರು. "ನಮ್ ಬೀಗ್ರಾ?" ಎಂದರು ಮುದುಕರು. "ಚೆನ್ನಾಗವ್ರಲ್ಲ. ಮೊನ್ನೆ ಮದ್ವೇಲಿ ಪಕ್ಕದಲ್ಲೇ ಕೂತ್ ಉಂಡ್ರು."

ಯಾರೂ ನಗಲಿಲ್ಲ, ನಗಬಾರದ ಜಾಗ ಅದು. ಇಂಜಿನಿಯರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದರು. ನಾನು ಬೇಡದ ನಕ್ಷೆಯೊಂದನ್ನು ಬಿಚ್ಚಿ ಹಿಡಿದುಕೊಂಡೆ. ಮೇಡಂ ಒಬ್ಬರೇ ಗಟ್ಟಿಯಾಗಿ ಕೂತು, ವಿಷಯವನ್ನೆಲ್ಲ ಮುದುಕರಿಗೆ ಮೊದಲಿನಿಂದ ಹೇಳಿದರು. ಅವರು ಮೊಮ್ಮಗನ ಕಡೆ ಒಮ್ಮೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಅವನು ಅಲ್ಲಿ ಮನೆ ಕಟ್ಬೇಕು ಅಂತಾವ್ನೆ ತಾಯಿ. ಇರೋದು ಒಂದೇ ರೂಮು, ಅದ್ರಲ್ಲಿ ಆರು ಜನ. ರೋಡಿಗೆ ಹತ್ರ ಇರೋದು ಅದೊಂದೇ ಜಾಗ. ಮನೆ ಅಂದ್ರೆ ನೀವು ಕೇಳಲ್ಲ, ಸಮಾಧಿ ಅಂದ್ರೆ ಕೇಳ್ತೀರಾ ಅಂತ ಯಾರೋ ಹೇಳ್ಕೊಟ್ಟಿರ್ಬೇಕು."

ಯುವಕ ತಲೆ ತಗ್ಗಿಸಿ ಹೌದು ಎಂದ. ಅದನ್ನೇ ಮೊದಲು ಹೇಳಿದ್ದರೂ ಕೇಳುತ್ತಿದ್ದೆನಲ್ಲಪ್ಪ ಎಂದರು ಮೇಡಂ. ಸ್ಥಳ ನೋಡಿಯೇ ತೀರ್ಮಾನ ಮಾಡೋಣ ಎಂದು ಎಲ್ಲರೂ ಜೀಪಿನಲ್ಲಿ ಹೊರಟೆವು. ಮುದುಕರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು.

ಇಂಜಿನಿಯರು ಹೊಲವೆಲ್ಲ ತಿರುಗಿ, ಅಳೆದು, ಪಟ್ಟಿಯನ್ನು ಕೆಳಗಿನ ಬದುವಿನ ಪಕ್ಕಕ್ಕೆ ಸರಿಸಬಹುದು ಎಂದರು. ರೋಡಿನ ಪಕ್ಕದ ಜಾಗ ಉಳಿಯಿತು, ಮನೆಗೆ ಅಡ್ಡಿ ಇಲ್ಲ ಎಂದರು ಮೇಡಂ. ಯುವಕ ಕೈ ಮುಗಿದ. ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದು, ಇಲ್ಲಿ ಅಡುಗೆಮನೆ ಬರುತ್ತದೆ ಎಂದು ಮೇಡಂಗೆ ತೋರಿಸತೊಡಗಿದಳು.

ಮುದುಕರಿಗೆ ಅದಾವುದರ ಮೇಲೂ ಗಮನ ಇರಲಿಲ್ಲ. ಅವರು ಸಮಾಧಿಯ ಹತ್ತಿರ ನಿಂತಿದ್ದರು. ಕಲ್ಲು ಕಟ್ಟಿ, ಸುಣ್ಣ ಹೊಡೆದು, ವಿಭೂತಿ ಬಳಿದು, ಚೆಂಡುಹೂವು ಇಟ್ಟು ಮೊಮ್ಮಗ ಚೆನ್ನಾಗಿಯೇ ಮಾಡಿದ್ದ. ಮುದುಕರು ಅದರ ಸುತ್ತ ಒಂದು ಸುತ್ತು ಬಂದರು. ಕೋಲಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದರು. ಆ ಕೋಲನ್ನು ತಮ್ಮ ಮೈಗೆ ಹಿಡಿದು ನೋಡಿಕೊಂಡರು. ಇನ್ನೊಮ್ಮೆ ಅಳೆದರು. ಮೊಮ್ಮಗ ಅಳುವ ಮುಖ ಮಾಡಿಕೊಂಡು, ತಪ್ಪಾಯಿತು ತಾತ ಎಂದು ಕಾಲು ಹಿಡಿಯಲು ಬಗ್ಗಿದ.

"ತಪ್ಪೇನಿಲ್ಲ, ಏಳ್ಲಾ," ಎಂದರು ಮುದುಕರು. "ಒಸಿ ಗಿಡ್ಡ ಆಯ್ತು ಅಷ್ಟೇ. ನಾನು ಕಾಲು ಚಾಚ್ಕೊಂಡು ಮಲಗೋನು ಅಂತ ನಿಂಗೆ ಗೊತ್ತಿಲ್ವಾ?"